ಇನ್ನೂ ಡಾಕ್ಟರಾಗದ ಹೊಳಬಸಪ್ಪ

ಹೊಳಬಸಪ್ಪ ಡಾಕ್ಟರಾಗುವುದನ್ನು ಕಾಯುತ್ತ ನನಗೆ ತಲೆ ಕೆಟ್ಟುಹೋಗಿತ್ತು. ಕೈ ಹಿಡಿಯುವವರ ಹೆಸರು ಹೇಳಬಾರದಂತೆ. ಸಿಟ್ಟು ಬಂದಾಗ ನಾನು ಹೇಳುತ್ತೇನೆ.

ಹುನಗುಂದದ ಅವರಿಗೂ, ಇಳಕಲ್ಲಿನ ನೇಕಾರ ಅಮಾತೆಪ್ಪನ ಮಗಳು ಸಂಗವ್ವಳಾದ ನನಗೂ ಮಾತಾಗಿದ್ದು ಅವರು ಪುಣೆಯ ವೈದ್ಯಶಾಲೆಗೆ ಸೇರಿದ ವರ್ಷ. ಡಾಕ್ಟರಾದ ಕೂಡಲೇ ಮದುವೆ ಎಂದು ಎರಡೂ ಮನೆಯವರು ಎಲೆ ಅಡಿಕೆ ಹಂಚಿದರು. ಈ ಡಾಕ್ಟರಾಗುವುದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಎಡವಟ್ಟಾಗಿದ್ದು ಅಲ್ಲೇ.

ಮೊದಲ ರಜೆಗೆ ಅವರು ನಮ್ಮ ಮನೆಗೆ ಬಂದಾಗ ಪಕ್ಕದ ಮನೆಯ ಲಕ್ಷ್ಮಪ್ಪ ಕೆಮ್ಮುತ್ತ, ಔಷಧ ಕೇಳಲು ಓಡಿಬಂದ.

"ಇನ್ನೂ ಇಲ್ಲರಿ," ಎಂದರು ಇವರು. "ಈ ವರ್ಷ ಬರೇ ಎಲಬು ಕಲಿಸ್ಯಾರ."

ಮರುವರ್ಷ ಅದೇ ಲಕ್ಷ್ಮಪ್ಪ, ಅದೇ ಕೆಮ್ಮು. "ಔಷಧದ ಹೆಸರು, ಅಳತಿ ಬರ್ತಾವರಿ. ಯಾವ ಬ್ಯಾನಿಗೆ ಯಾವ ಔಷಧ ಅನ್ನೂದು ಇನ್ನೂ ಇಲ್ಲ."

ಆಮೇಲಿನ ವರ್ಷ ರೋಗಿಯ ಹಾಸಿಗೆಯವರೆಗೆ ಬಂದರು. ಆದರೆ ಬಾಯಿ ಬಿಡುವುದು ದೊಡ್ಡ ಡಾಕ್ಟರ್ ಸಾಹೇಬರು, ಇವರು ಹಿಂದೆ ನಿಂತು ಕೇಳಬೇಕು. ಅದರ ಮರುವರ್ಷ ಕೈಗೆ ಚಾಕು ಬಂತು, ಸಾಹೇಬರ ಕಣ್ಣೆದುರಿಗೆ ಮಾತ್ರ. ಅಷ್ಟರಲ್ಲಿ ಲಕ್ಷ್ಮಪ್ಪನ ಕೆಮ್ಮು ಬೇಸತ್ತು ತಾನೇ ಹೋಗಿತ್ತು. ನನಗೆ ಇಪ್ಪತ್ತು ದಾಟಿತ್ತು. ಓಣಿಯ ಹೆಂಗಸರು ನನ್ನನ್ನು ನೋಡಿದ ಕೂಡಲೇ ಮಾತು ನಿಲ್ಲಿಸುತ್ತಿದ್ದರು.

ಅವರು ಬಂದಾಗಲೆಲ್ಲ ನಾನು ಮಗ್ಗದ ಕುಣಿಯಲ್ಲಿ ಕೂತಿರುತ್ತಿದ್ದೆ, ಅವರು ಅಪ್ಪನ ಜೊತೆ ಕಟ್ಟೆಯ ಮೇಲೆ. ನಡುವೆ ಮಗ್ಗದ ಉದ್ದಕ್ಕೆ ಕಟ್ಟಿದ ಹಾಸಿನ ಎಳೆಗಳು. ಅವರ ಕಣ್ಣು ಸೀರೆಯ ಅಂಚಿನಿಂದ ಮೆಲ್ಲಗೆ ಹೊರಟು ನನ್ನ ಬೆರಳಿಗೆ ಬರುತ್ತಿತ್ತು, ಬೆರಳಿನಿಂದ ಬಳೆಗೆ, ಬಳೆಯಿಂದ ಮುಖಕ್ಕೆ. ನಾನು ನೋಡಿದರೆ ಸಾಕು, ತಟ್ಟನೆ ಅಂಚಿಗೆ ಓಡುತ್ತಿತ್ತು. ಆ ಕಳ್ಳ ಕಣ್ಣುಗಳಿಗಾಗಿಯೇ ನಾನು ಕಾದೆ. ಇಲ್ಲದಿದ್ದರೆ ಇಂಥ ಮನುಷ್ಯನನ್ನು ಯಾರು ಕಾಯುತ್ತಾರೆ?

ಈ ಬೇಸಿಗೆಯಲ್ಲಿ ಪಾಸಾದರು. ಬಾಗಲಕೋಟೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಬಂಡಿ ಹಿಡಿದು, ಧೂಳು ಮೆತ್ತಿಕೊಂಡೇ ನಮ್ಮ ಮನೆಗೆ ಬಂದರು.

"ಅಂದ್ರ ಡಾಕ್ಟರ್ ಆದ್ರಿ," ಎಂದ ಅಪ್ಪ.

ನಾನು ಲಾಳಿ ನಿಲ್ಲಿಸಿದೆ.

"ಇನ್ನೂ ಇಲ್ಲರಿ," ಎಂದರು ಇವರು. "ಇನ್ನೊಂದು ವರ್ಷ ವಿಜಾಪುರದ ದವಾಖಾನಿಯೊಳಗ ಸಾಹೇಬರ ಕೈಕೆಳಗ ಇರಬೇಕು. ಆಮ್ಯಾಲ ಒಂದು ಸಣ್ಣ ದವಾಖಾನಿ ನನ್ನ ಕೈಗೆ ಕೊಡ್ತಾರ."

ಅಪ್ಪನ ಮುಖ ಗಂಟಾಯಿತು. ನಮ್ಮ ಓಣಿಯಲ್ಲಿ ನೇಯಲು ಕಲಿತವನನ್ನು ಆವತ್ತೇ ಬೇರೆ ಮಗ್ಗಕ್ಕೆ ಕೂರಿಸುತ್ತಾರೆ. ಕಲಿಸುವವನ ಬಾಜುವಿನಲ್ಲಿ ಇನ್ನೂ ಕೂತಿದ್ದಾನೆಂದರೆ ಅವನಿಗೆ ಬಂದಿಲ್ಲವೆಂದೇ ಅರ್ಥ.

"ಕಲ್ತಿದ್ರ ಮಗ್ಗ ಕೊಡ್ತಿದ್ರು. ನೀವು ನಾಪಾಸ್ ಆಗಿ ನನ್ನ ಮುಂದ ಸುಳ್ಳ ಹೇಳಾಕತ್ತೀರಿ," ಎಂದ ಅಪ್ಪ. "ಗುಳೇದಗುಡ್ಡದಿಂದ ಇಕಿಗೆ ಒಂದು ಸಂಬಂಧ ಬಂದೈತಿ. ನಾಳಿಗೆ ಹೂಂ ಅಂತೇನಿ."

ಹೊಳಬಸಪ್ಪ ಕೆಂಪಗಾಗಿ ಕೂತರು. ಲಾಳಿಯನ್ನು ಆ ತಲೆಗೆ ಎಸೆಯಬೇಕೆನಿಸಿತು. ಡಾಕ್ಟರಾದೆ ಎಂದು ಒಂದು ಸಲ ಸುಳ್ಳು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು!

ಆಗ ಅವರ ಕಣ್ಣು ಅಪ್ಪನ ಕೈಗೆ ಬಿತ್ತು. ಅಪ್ಪ ಬೆರಳಿಗೆ ಬಟ್ಟೆ ಸುತ್ತಿಕೊಂಡು ಇಷ್ಟು ಹೊತ್ತು ಬೆನ್ನ ಹಿಂದೆ ಇಟ್ಟಿದ್ದ. ಉಗುರುಸುತ್ತು ಎದ್ದು, ಕೀವು ತುಂಬಿ, ಬೆರಳು ಬದನೆಕಾಯಿಯಷ್ಟಾಗಿತ್ತು. ನನ್ನ ಮದುವೆ ಸೀರೆ ಅರ್ಧಕ್ಕೆ ನಿಂತಿದ್ದೂ ಅದಕ್ಕೇ. ಸೀರೆಯ ಮೈಯ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಲು ಇಬ್ಬರು ಬೇಕು; ಅಪ್ಪನಿಗೆ ಎಳೆ ಹಿಡಿಯಲು ಆಗುತ್ತಿರಲಿಲ್ಲ.

"ಬೆರಳು ತೋರಸ್ರಿ."

"ನೀವು ಡಾಕ್ಟರ್ ಅಲ್ಲಲ್ಲ?"

"ನಾ ಡಾಕ್ಟರ್ ಆಗೂತನಕ ಇದು ಕಾಯಂಗಿಲ್ಲರಿ. ಸಂಗವ್ವಾ, ನೀರು ಕುದಿಸು."

ನನ್ನ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ಓಡಿ ಒಲೆ ಹೊತ್ತಿಸಿದೆ. ಅವರು ಕುದಿಸಿದ ಚಾಕುವಿನಿಂದ ಕೀವು ಬಿಡಿಸಿ, ತೊಳೆದು, ಮಗುವಿನ ಬೆರಳಿಗೆ ಸುತ್ತುವಂತೆ ಮೆತ್ತಗೆ ಬಟ್ಟೆ ಸುತ್ತಿದರು.

ಅಪ್ಪ ನಿಟ್ಟುಸಿರು ಬಿಟ್ಟ. "ಇದನ್ನ ಯಾವ ವರ್ಷ ಕಲಿಸಿದ್ರು?"

ಇವರು ಎಲುಬಿನಿಂದ ಹಿಡಿದು ಚಾಕುವಿನವರೆಗೆ ಎಲ್ಲ ಹೇಳಿದರು. "ಹುಣ್ಣು ಕೊಯ್ಯಾಕ ಬರ್ತದರಿ. ಆದ್ರ ಒಂದು ಊರಿನ ಜೀವಾನ ಒಬ್ಬನ ಕೈಯಾಗ ಕೊಡೂ ಮೊದಲ, ಒಂದು ವರ್ಷ ಬಾಜೂಕ ನಿಂತು ನೋಡ್ತಾರ."

"ಸೀರಿ ಕೆಟ್ರ ಬಿಚ್ಚಬಹುದು, ಜೀವ ಹಂಗಲ್ಲ," ಎಂದು ಅಪ್ಪ ತಲೆದೂಗಿದ. "ಈಗ ತಿಳೀತು ನೋಡ್ರಿ! ಭಾಳ ಚೊಲೋ ಪದ್ಧತಿ. ಗುಳೇದಗುಡ್ಡದವರಿಗೆ ಒಲ್ಲೆ ಅಂತೇನಿ."

ನನಗೆ ಹೋದ ಜೀವ ಬಂತು. ಅದು ಬಂದು ಕೂರುವಷ್ಟರಲ್ಲಿ ಅಪ್ಪ ಮುಂದುವರಿಸಿದ: "ದವಾಖಾನಿ ಕೈಗೆ ಬರ್ಲಿ. ಮುಂದಿನ ವರ್ಷ ಮದುವಿ ಮಾಡೂಣು."

"ಹೌದ್ರಿ," ಎಂದರು ಈ ಮಹಾರಾಯರು.

ನಾನು ಸೆರಗು ಸಿಕ್ಕಿಸಿಕೊಂಡು ಅವರಿಬ್ಬರ ಎದುರಿಗೇ ಹೋಗಿ ನಿಂತೆ.

"ಅಪ್ಪಾ, ನಿನಗ ತಿಳೀದಿದ್ರೂ ನನಗ ಕೇಡು, ತಿಳಿದ್ರೂ ನನಗ ಕೇಡು! ದವಾಖಾನಿ ಬಂದ ಮ್ಯಾಲ ದೊಡ್ಡ ದವಾಖಾನಿ ಅಂತೀರಿ, ಅದು ಬಂದ ಮ್ಯಾಲ ಮತ್ತೊಂದು ಪರೀಕ್ಷಾ. ಇವರು ಮುಗಿಯೋ ಪೈಕಿ ಅಲ್ಲ. ನನಗ ಮುಗಿದ ಡಾಕ್ಟರ್ ಬ್ಯಾಡ. ಈಗ ಹೆಂಗ ಅದಾರೋ ಹಂಗ ಬೇಕು. ವಿಜಾಪುರದಾಗ ಒಂದು ಖೋಲಿ ಸಾಕು, ನಾ ರೊಟ್ಟಿ ಬಡೀತೇನಿ."

ನಾನು ಇವರ ಕಡೆ ತಿರುಗಿದೆ.

"ನೀವು ಹೇಳ್ರಿ. ನನ್ನ ಗಂಡ ಆಗಾಕ ಇನ್ನೆಷ್ಟು ವರ್ಷ ಕಲೀಬೇಕು?"

ಅವರ ಕಣ್ಣು ಈ ಸಲ ಎಲ್ಲಿಗೂ ಓಡಲಿಲ್ಲ. ನನ್ನ ಮುಖದ ಮೇಲೇ ನಿಂತಿತು.

"ಅದನ್ನ ಎಲಬು ಕಲಿಯೋ ವರ್ಷನ ಪಾಸಾಗೇನಿ, ಸಂಗವ್ವಾ. ಹೇಳಾಕ ಧೈರ್ಯ ಇರಲಿಲ್ಲ."

ಅಪ್ಪ ಕೆಮ್ಮಿದ. ಸುತ್ತಿದ ಬೆರಳನ್ನು ಹೊರಳಿಸಿ ಹೊರಳಿಸಿ ನೋಡಿಕೊಂಡ. "ಹಂಗಾರ ಇದ ತಿಂಗಳದಾಗ ಮಾಡೂಣು. ಸೀರಿಗೆ ಕೊಂಡಿ ನೀವ ಹಾಕ್ಕೋರಿ, ನನ್ನ ಕೈಲೆ ಆಗಂಗಿಲ್ಲ," ಎಂದು ಲಕ್ಷ್ಮಪ್ಪನಿಗೆ ಸುದ್ದಿ ಹೇಳಲು ಹೊರಟ.

ಹೊಳಬಸಪ್ಪ ಮಗ್ಗದ ಬಾಜುವಿನಲ್ಲಿ ಕೂತು ಕೆಂಪು ಎಳೆಗಳನ್ನು ಹಿಡಿದರು. ನಾನು ಕೊಂಡಿ ಹಾಕತೊಡಗಿದೆ. ಪ್ರತಿ ಎಳೆಗೂ ನಮ್ಮ ಬೆರಳು ತಾಗುತ್ತಿತ್ತು. ಸ್ವಲ್ಪ ಹೊತ್ತಿಗೇ ಅವರ ಕೈ ಸೋತಿತು.

"ಆತೇನ?" ಎಂದರು.

ಬೇಗ ಮುಗಿಸುವುದು ನನಗೆ ಬರುತ್ತಿತ್ತು. ಬೇಕೆಂದೇ ನಿಧಾನ ಮಾಡಿದೆ.

"ಇನ್ನೂ ಇಲ್ಲರಿ," ಎಂದೆ.