ಕಾಲುಚೀಲದ ಗೆರೆ

ದೂರು ಠಾಣೆಗೆ ಬಂದದ್ದು ಬೆಳಿಗ್ಗೆ ಹನ್ನೊಂದೂವರೆಗೆ, ಎರಡನೇ ತರಗತಿಯ ಟೀಚರಿಂದ, ಫೋನಿನಲ್ಲಿ. ಶಾಲೆ ಬಿಡುವುದು ನಾಲ್ಕಕ್ಕೆ. ಅಷ್ಟರೊಳಗೆ ಏನೂ ಖಾತ್ರಿಯಾಗದಿದ್ದರೆ ಮಗು ಅದೇ ಮನೆಗೆ ಹೋಗುತ್ತದೆ ಎಂಬುದು ಇನ್‌ಸ್ಪೆಕ್ಟರಮ್ಮನಿಗೆ ಮೊದಲ ಮಾತಿಗೇ ಅರ್ಥವಾಯಿತು.

ಹೆಡ್‌ಮಾಸ್ಟರು ಗೇಟಿನಲ್ಲೇ ಎದುರಾದರು. "ಮನೆಯವರನ್ನ ಒಂದು ಮಾತು ಕೇಳೋಣ ಅಂದೆ. ಈಯಮ್ಮ ಕೇಳ್ಬೇಕಲ್ಲ!"

"ಕೇಳಿದ್ರೆ ನಾಳೆಯಿಂದ ಮಗು ಶಾಲೆಗೇ ಬರ್ತಿರಲಿಲ್ಲ ಸಾರ್," ಎಂದರು ಹಿಂದೆಯೇ ಬಂದಿದ್ದ ಟೀಚರ್.

ಏಳು ವರ್ಷದ ಹುಡುಗಿ. ತಾಯಿಯಿಲ್ಲ, ಲಾರಿ ಓಡಿಸುವ ತಂದೆ ಮನೆಗೆ ಬರುವುದೇ ಅಪರೂಪ. ಸಾಕುತ್ತಿರುವುದು ದೊಡ್ಡಮ್ಮ. ಜ್ವರವೆಂದು ಎರಡು ವಾರ ಬಂದಿರಲಿಲ್ಲ. ಇವತ್ತು ಆಟದ ಪೀರಿಯಡ್ಡಿನಲ್ಲಿ ಬೂಟು ಬಿಚ್ಚಲು ಒಲ್ಲೆ ಎಂದಳು. ಟೀಚರ್ ಬಲವಂತ ಮಾಡದೆ ಪಕ್ಕದಲ್ಲಿ ಸುಮ್ಮನೆ ಕೂತರು. ಸ್ವಲ್ಪ ಹೊತ್ತಿಗೆ ಹುಡುಗಿಯೇ ಕಾಲುಚೀಲ ಜಾರಿಸಿ ಸುಟ್ಟ ಗಾಯ ತೋರಿಸಿದಳು.

"ಬಕೆಟ್ ಬಿತ್ತು ಅಂತ ಹೇಳಬೇಕಂತೆ ಮಿಸ್."

ಟೀಚರ್ ಫೋನ್ ಎತ್ತಿಕೊಂಡರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಣಗುತ್ತಿದ್ದ ಗಾಯಗಳನ್ನು ತಾಳ್ಮೆಯಿಂದ ನೋಡಿದರು. "ಬಿಸಿನೀರು ಚೆಲ್ಲಿದ್ರೆ ಅಲ್ಲಿ ಇಲ್ಲಿ ಸಿಡಿದಿರುತ್ತೆ, ಕೆಳಗೆ ಹರಿದಿರುತ್ತೆ. ಇದು ಎರಡೂ ಕಾಲಲ್ಲಿ ಒಂದೇ ಎತ್ತರಕ್ಕೆ ಗೆರೆ ಎಳೆದ ಹಾಗಿದೆ. ಕಾಲು ಮುಳುಗಿಸಿ ಹಿಡಿದಿದ್ದಾರೆ."

ಎರಡು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಮನೆಯಲ್ಲಿ ನೆರೆಯವರಿಬ್ಬರ ಎದುರು ಪಂಚನಾಮೆ. ಬಚ್ಚಲಿನ ದೊಡ್ಡ ಕಬ್ಬಿಣದ ಬಕೆಟ್ಟಿಗೆ ನೀರು ತುಂಬಿಸಿ ನೂಕಿ ನೋಡಿದ ಕಾನ್‌ಸ್ಟೇಬಲ್ ಸೊಂಟ ಹಿಡಿದುಕೊಂಡ. "ನನಗೇ ಜಗ್ತಿಲ್ಲ ಮೇಡಂ. ಆ ಪುಟ್ಟಿ ಬೀಳಿಸ್ತಾಳಾ?" ಹಿತ್ತಲ ಹಗ್ಗದಲ್ಲಿ ಒಂದೇ ಒಂದು ಚಿಕ್ಕ ಹಾಸಿಗೆಯ ಬಟ್ಟೆ ಒಣಗುತ್ತಿತ್ತು.

ದೊಡ್ಡಮ್ಮ ಕೆಲಸ ಮಾಡುತ್ತಿದ್ದುದು ಹೋಟೆಲೊಂದರ ಲಾಂಡ್ರಿಯಲ್ಲಿ. ಹಬೆಯ ನಡುವೆ ನಿಂತು ಬೆಡ್‌ಶೀಟು ಮಡಚುತ್ತಿದ್ದಳು.

"ಬಕೆಟ್ ಬೀಳಿಸಿದ್ದು ಯಾರು?"

"ಅವಳೇ. ಕೈಕಾಲು ನೆಟ್ಟಗಿಟ್ಕೊಂಡ್ರೆ ತಾನೆ?"

"ಮೊಣಕಾಲಿಗೆ ಒಂದು ಹನಿಯೂ ಸಿಡಿದಿಲ್ಲ. ಯಾವ ಬಕೆಟ್ಟಮ್ಮ ಅಷ್ಟು ಹುಷಾರಾಗಿ ಬೀಳೋದು?"

ಅವಳ ಕೈಗಳು ಅಂಚಿಗೆ ಅಂಚು ಕೂಡಿಸಿ ಆ ಬೆಡ್‌ಶೀಟನ್ನು ಪೂರ್ತಿ ಮಡಚಿ ಮುಗಿಸಿದವು. "ದಿನವಿಡೀ ಊರೋರ ಹೊಲಸು ಒಗೀತೀನಿ. ಬೆಳಗ್ಗೆ ಎದ್ರೆ ಮನೇಲೂ ಹಾಸಿಗೆ ಒದ್ದೆ ಮಾಡಿಟ್ಟಿರ್ತಾಳೆ. ಬುದ್ಧಿ ಬರಲಿ ಅಂತ..." ಇನ್‌ಸ್ಪೆಕ್ಟರಮ್ಮ ಅಷ್ಟನ್ನೇ ಬರೆದುಕೊಂಡರು. ಬಂಧನದ ವೇಳೆ ಮೂರೂಮುಕ್ಕಾಲು.

ತಂದೆ ಬರುವವರೆಗೆ ಮಗು ವಾರ್ಡಿನಲ್ಲೇ ಇರಬೇಕಾಯಿತು. ಟೀಚರ ಸೆರಗು ಹಿಡಿದು ಮಂಚದ ತುದಿಯಲ್ಲಿ ಕೂತಿದ್ದಳು, ಮಲಗಲೊಲ್ಲಳು. ಬಿಳಿ ಹಾಸನ್ನೇ ನೋಡುತ್ತ ನರ್ಸನ್ನು ಕೇಳಿದಳು: "ಇದು ಒದ್ದೆಯಾದ್ರೆ?"

"ಬೇರೆ ಹಾಕ್ತೀವಿ ಪುಟ್ಟಿ," ಎಂದಳು ನರ್ಸ್. "ಅಷ್ಟೇ."