ಉಪ್ಪಿಲ್ಲದ ಎಡೆ

ನಾಯಿ ಬುತ್ತಿ ತಿಂದೀತು, ಬಟ್ಟೆ ಮಡಿಚೀತೇ? ದೋರನಹಳ್ಳಿಯ ಅಯ್ಯಮ್ಮನನ್ನು ಹುಚ್ಚಿ ಎನ್ನುವವರು ಇದಕ್ಕೆ ಉತ್ತರ ಹೇಳಲಿ. ರಜಾಕಾರರ ಗದ್ದಲದಲ್ಲಿ ಗಂಡ ಮಲ್ಕಪ್ಪ ಸತ್ತು ಮೂರು ವರ್ಷವಾಗಿತ್ತು. ಅವನು ಕುರಿ ಮೇಯಿಸುತ್ತಿದ್ದ ಹುಲ್ಲುಗಾವಲಿನಲ್ಲಿ ಪ್ರತಿ ಅಮಾವಾಸ್ಯೆ ಅವಳು ರೊಟ್ಟಿ, ಪುಂಡಿಪಲ್ಲೆ ಬಟ್ಟೆಯಲ್ಲಿ ಕಟ್ಟಿ ಎಡೆ ಇಟ್ಟು ಬರುತ್ತಿದ್ದಳು. ಸತ್ತವರಿಗೆ ಉಪ್ಪು ಹಾಕಬಾರದೆಂದು ಅತ್ತೆ ಹೇಳಿದ್ದರಿಂದ ಉಪ್ಪಿಲ್ಲದ್ದೇ. ಬೆಳಿಗ್ಗೆ ಹೋಗಿ ನೋಡಿದರೆ ಬಟ್ಟೆ ಖಾಲಿ, ನೀಟಾಗಿ ಮಡಿಚಿಟ್ಟಿರುತ್ತಿತ್ತು.

ಗಂಡ ಬಂದುಹೋಗುತ್ತಾನೆ ಎನ್ನಲು ಅವಳಿಗೆ ಇನ್ನೊಂದು ಗುರುತೂ ಇತ್ತು. ಮಳೆಗಾಲಕ್ಕೆ ವಲಸೆ ಬರುವ ಎರೆಭೂತ, ಸೊಂಟದೆತ್ತರದ ಆ ಹಕ್ಕಿ, ಬರೀ ನೆಲದ ಮೇಲೆ ಒಂದೇ ತತ್ತಿ ಇಡುತ್ತದೆ. ಕುರಿ ತುಳಿಯದಿರಲೆಂದು ಮಲ್ಕಪ್ಪ ಅದರ ಸುತ್ತ ಕಲ್ಲು ಜೋಡಿಸುತ್ತಿದ್ದ. ಅವನು ಸತ್ತ ಮೇಲೂ ಯಾರೋ ಜೋಡಿಸುತ್ತಲೇ ಇದ್ದರು. ಮೊದಲು ಹಿಂಡಾಗಿ ಬರುತ್ತಿದ್ದ ಹಕ್ಕಿ, ಜೀಪು ಬಂದೂಕು ಕಾಲಿಟ್ಟ ಮೇಲೆ ಈ ಸಲ ಒಂದೇ ಜೋಡಿ ಬಂದಿತ್ತು.

ನಾಳೆ ಸಾಹೇಬರು ಎರೆಭೂತದ ಶಿಕಾರಿಗೆ ಬರುತ್ತಾರೆ, ಮಲ್ಕಪ್ಪನ ಗೆಳೆಯ ಮಾನಪ್ಪನೇ ದಾರಿ ತೋರಿಸುತ್ತಾನೆ ಎಂದು ಊರೆಲ್ಲ ಸುದ್ದಿ. ಅಂದು ಅಮಾವಾಸ್ಯೆ, ಅಯ್ಯಮ್ಮ ಎಡೆಯ ರೊಟ್ಟಿ ಬಡಿಯುತ್ತಲೇ ಯೋಚಿಸಿದಳು. ಹಕ್ಕಿಯೇ ಹೋದರೆ ಗಂಡ ಇಲ್ಲಿಗೆ ಯಾಕೆ ಬಂದಾನು? ಅವನಿಗೇ ಹೇಳಿಬಿಡೋಣವೆಂದು ಎಡೆ ಇಟ್ಟು ಜಾಲಿಗಿಡದ ಮರೆಯಲ್ಲಿ ಕೂತಳು.

ಹೊತ್ತು ಮುಳುಗುವ ಮುಂಚೆ ಬಂದವನು ಮಾನಪ್ಪ. ಸರಿದ ಕಲ್ಲು ಸರಿಪಡಿಸಿ, ಎಡೆ ತಿಂದು, ಬಟ್ಟೆ ಮಡಿಚಿದ.

"ಯಾರಿಗಿಟ್ಟಿದ್ದೆ, ಯಾರು ತಿಂದ್ರು?" ಅಯ್ಯಮ್ಮ ಎದುರಿಗೆ ಬಂದು ನಿಂತಳು.

ಮಾನಪ್ಪ ತಲೆ ಎತ್ತಲಿಲ್ಲ. "ಮಲ್ಕ ಆ ಗದ್ದಲದಾಗ ಹೋಗೋಮುಂದ 'ತತ್ತಿ ನೋಡ್ಕೊ, ಬಂದಬಿಡ್ತೀನಿ' ಅಂದಿದ್ದ. ಅವ ಬರಲಿಲ್ಲ."

"ಎಡಿ ಯಾಕ ತಿಂದಿ?"

"ಹಂಗ ಬಿದ್ದಿದ್ರ ನೀ ಅಳ್ತಿದ್ದಿ."

ಅಯ್ಯಮ್ಮ ಕುಸಿದು ಕೂತು ಅತ್ತಳು. ಗಂಡ ಅವಳ ಪಾಲಿಗೆ ಇವತ್ತು ಇನ್ನೊಮ್ಮೆ ಸತ್ತಿದ್ದ. ಮಾನಪ್ಪ ಹತ್ತಿರವೂ ಬರಲಿಲ್ಲ, ಬಿಟ್ಟೂ ಹೋಗಲಿಲ್ಲ.

"ನಾಳಿ ಸಾಹೇಬ್ರಿಗೆ ಈ ಜಾಗಾ ತೋರಸ್ತಿ?" ಅವಳು ಕಣ್ಣೊರೆಸಿಕೊಂಡು ಕೇಳಿದಳು.

"ಹಕ್ಕಿ ಇಲ್ಲದ ಭೀಮಾ ಹೊಳಿ ದಂಡಿಗುಂಟ ದಿನಾಪೂರ್ತಿ ತಿರುಗಸ್ತೀನಿ. ಹೋದ್ವರ್ಷ ನನ್ನ ದಂಡಪಿಂಡ ಅಂತ ಬೈದು ಹೋದ್ರು."

"ಖರೇನ ಅಂದಾರ." ಅವಳ ತುಟಿಯಂಚಿನಲ್ಲಿ ನಗೆ ಬಂದು ಹೋಯಿತು. ಅವನು ಅದನ್ನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು.

ಅಷ್ಟರಲ್ಲಿ ದೂರದಲ್ಲಿ ಹುಲ್ಲು ಸರಿಸಿ ಎರೆಭೂತ ಬಂತು. ಕಲ್ಲು ದಾಟಿ ತತ್ತಿಯ ಮೇಲೆ ಕೂತಿತು. ಅದು ಬೆದರದಿರಲೆಂದು ಇಬ್ಬರೂ ತಗ್ಗಿ ಕೂತರು.

"ಅಯ್ಯಮ್ಮ, ನೀ ಅಂದ್ರ ನನಗ ಜೀವ," ಎಂದ ಅವನು ಮೆಲ್ಲಗೆ. "ಮಲ್ಕನ ಮಾರಿ ಕಣ್ಣಮುಂದ ಬರ್ತಿತ್ತು. ಅದಕ್ಕ ಬಾಯಿ ಬಿಡಲಿಲ್ಲ."

ಅವಳು ಮಡಿಚಿದ ಬಟ್ಟೆ ಎತ್ತಿಕೊಂಡಳು.

"ಪಲ್ಲೆ ಹೆಂಗಿತ್ತು?"

"ಛಲೋ ಇತ್ತು."

"ಸುಳ್ಳ ಹೇಳಬ್ಯಾಡ. ಮೂರು ವರ್ಷ ಸಪ್ಪಂದು ತಿಂದಿ." ನಾಲ್ಕು ಹೆಜ್ಜೆ ಹೋಗಿ ಅವಳು ತಿರುಗಿ ನಿಂತಳು. "ಬರೋ ಅಮಾಸಿಗೆ ಮನಿಗೇ ಬಾ. ಉಪ್ಪು ಹಾಕ್ತೀನಿ."