ಲಾಜರೋ ಎಂಬ ಕೂಗು

ಆಗಸ್ಟ್ ಹನ್ನೆರಡು, ಮಂಗಳವಾರ. ಹನ್ನೊಂದು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗ ಕಾಫಿ ಕ್ಯೂರಿಂಗ್ ಮಿಲ್ಲಿನ ಪಿಕಪ್ ಗಾಡಿ ಧೂಳೆಬ್ಬಿಸಿಕೊಂಡು ಮೋಶಿ ಪಟ್ಟಣದ ಪೊಲೀಸ್ ಠಾಣೆಯ ಅಂಗಳಕ್ಕೆ ನುಗ್ಗಿತು. ಮ್ಯಾನೇಜರ್ ಸ್ವಾಯಿ ಕೆಳಗಿಳಿಯುವ ಮೊದಲೇ ಮಾತು ಶುರು ಮಾಡಿದ್ದರು. ಮೇಸ್ತ್ರಿ ಗಾಸ್ಪರ್ ತರಿಮೊ ಉಕ್ಕಿನ ಕಣಜದೊಳಗೆ ಇಳಿದು ಗಟ್ಟಿಕಟ್ಟಿದ ಕಾಫಿ ಕಾಳನ್ನು ಒಡೆಯುತ್ತಿದ್ದಾಗ ಯಾರೋ ಅಡಿಯ ತೂಬು ತೆರೆದಿದ್ದಾರೆ. ಕಾಳುಗಳು ಸುಳಿಯಾಗಿ ಅವನನ್ನು ಎದೆಮಟ್ಟ ಎಳೆದುಕೊಂಡಿವೆ. ಪಕ್ಕೆಲುಬು ಮುರಿದಿದೆ, ಪ್ರಜ್ಞೆಯಿಲ್ಲ, ಆಸ್ಪತ್ರೆಯಲ್ಲಿದ್ದಾನೆ.

ಯಾರ ಮೇಲಾದರೂ ಅನುಮಾನವಿದೆಯೇ ಎಂದು ಇನ್ಸ್‌ಪೆಕ್ಟರ್ ಅನಾಯೆಲಿ ಮ್ಬಾಗಾ ಕೇಳಿದಳು. ಅನುಮಾನವೇನು ಬಂತು, ತೂಬು ಕಾಯುವ ಕೆಲಸ ಜುಹುರಾಳದ್ದು, ಹೋದ ವಾರ ಮೇಸ್ತ್ರಿಯ ಜೊತೆ ಕಿತ್ತಾಡಿದವಳೂ ಅವಳೇ ಎಂದರು ಸ್ವಾಯಿ.

ಅನಾಯೆಲಿ ಎಫ್‌ಐಆರ್ ಬರೆದಳು. 'ಕೊಲೆ ಯತ್ನ' ಎಂದು ಬರೆದ ಮೇಲೆ ಆ ಸಾಲನ್ನು ಇನ್ನೊಮ್ಮೆ ಓದಿದಳು. ಬರೆದದ್ದನ್ನು ಮತ್ತೆ ಓದದೆ ಅವಳಿಗೆ ಸಮಾಧಾನವಿರಲಿಲ್ಲ.

ಜುಹುರಾಳನ್ನು ಕರೆತಂದಾಗ ಅವಳ ಕುಪ್ಪಸದ ಮುಂಭಾಗ ಎದೆಹಾಲಿನಿಂದ ಒದ್ದೆಯಾಗಿತ್ತು. ಹಸುಗೂಸು ಪಕ್ಕದ ಮನೆಯಲ್ಲಿತ್ತು. ಹತ್ತು ಗಂಟೆಯ ಚಹಾ ಬಿಡುವಿನಲ್ಲಿ ಪಾಯಿಖಾನೆಗೆ ಹೋಗಿದ್ದೆ ಎಂದಳು. ಅದನ್ನು ಕಂಡವರು ಯಾರೂ ಇರಲಿಲ್ಲ.

"ಜಗಳ ಆಡಿದ್ದು ನಿಜ ಅಫಾಂದೆ," ಎಂದಳು ಜುಹುರಾ, ಪೊಲೀಸ್ ಅಧಿಕಾರಿಗೆ ಎಲ್ಲರೂ ಅನ್ನುವ ಹಾಗೆ. "ಅವನು ಒಂದು ಅಂದ್ರೆ ನಾನು ಎರಡು ಅಂತೀನಿ. ಬೈಯೋಕೆ ಬಾಯಿ ಇರೋಳು ತೂಬು ಯಾಕೆ ಎಳೀಲಿ?"

ಅನಾಯೆಲಿ ಅದನ್ನೂ ಬರೆದುಕೊಂಡಳು. ಮೂರು ಗಂಟೆಗೆ ಇವಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸು ಎಂದು ಮೇಲಧಿಕಾರಿ ಆಗಲೇ ಹೇಳಿಬಿಟ್ಟಿದ್ದರು. ನಿಲ್ಲಿಸಿದರೆ ಜುಹುರಾ ಜೈಲಿಗೆ ಹೋಗುತ್ತಾಳೆ, ಮಗು ಹಸಿದುಕೊಂಡು ಹೊರಗಿರುತ್ತದೆ.

ಹನ್ನೊಂದೂವರೆಗೆ ಮಿಲ್ಲಿನಲ್ಲಿ ಪಂಚನಾಮೆ ಶುರುವಾಯಿತು. ಕಾನ್‌ಸ್ಟೇಬಲ್ ಕಿಮಾರೊ ಟೇಪು ಹಿಡಿದ. ತೂಬಿನ ಬೀಗ ತೆರೆದೇ ಇತ್ತು, ಕೀಲಿ ಅದರಲ್ಲೇ ಇತ್ತು. ಒಳಗೆ ಇಳಿಯುವವನು ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಬೇಕು. ತರಿಮೊ ಹಾಗೆ ಮಾಡಿರಲಿಲ್ಲ. ನೆಲದ ಮೇಲೆ ಬಿದ್ದಿದ್ದ ಕಾಫಿ ಸಣ್ಣ ಗುಡ್ಡೆಯಷ್ಟೇ. ತೂಬು ಪೂರ್ತಿ ಮುಚ್ಚಿತ್ತು.

"ಇದನ್ನ ಮುಚ್ಚಿದೋರು ಯಾರು?" ಅನಾಯೆಲಿ ಕೇಳಿದಳು.

ಯಾರಿಗೂ ಗೊತ್ತಿರಲಿಲ್ಲ. ಕೂಗು ಕೇಳಿ ಓಡಿ ಬಂದಾಗ 'ಪಾರೆ' ಆಗಲೇ ಮೇಲೆ ಹತ್ತಿ, ಹಗ್ಗ ಬಿಟ್ಟು ಮೇಸ್ತ್ರಿಯನ್ನು ಎಳೆಯುತ್ತಿದ್ದನಂತೆ. ಅವನಿಲ್ಲದಿದ್ದರೆ ಮೇಸ್ತ್ರಿ ಸತ್ತೇ ಹೋಗುತ್ತಿದ್ದ ಎಂದರು ಎಲ್ಲರೂ. ಪಾರೆ ಎಂಬ ಆ ನಡುವಯಸ್ಸಿನ ಆಳು ಒಂದು ಮೂಲೆಯಲ್ಲಿ ಹೊಟ್ಟು ಗುಡಿಸುತ್ತಿದ್ದ. ಹಗ್ಗ ಉಜ್ಜಿ ಅವನ ಅಂಗೈ ಕಿತ್ತುಬಂದಿತ್ತು. ಮೋಶಿಯಲ್ಲಿ ಚಗ್ಗಾ ಜನರೇ ಹೆಚ್ಚು. ಪಾರೆ ಬೆಟ್ಟದ ಕಡೆಯಿಂದ ಬಂದವನೊಬ್ಬನಿದ್ದರೆ ಆ ಹೆಸರೇ ಅವನಿಗೆ ಅಂಟಿಕೊಳ್ಳುವುದು ಹೊಸದೇನಲ್ಲ. ಅನಾಯೆಲಿಯೂ ಪಾರೆಯವಳೇ. ಅವಳು ಅವನಿಗೆ ತಲೆಯಾಡಿಸಿ ಮುಂದೆ ಹೋದಳು.

ಆಗ ಒಬ್ಬ ಹಮಾಲಿ ಹೇಳಿದ ಮಾತಿಗೆ ಕಿಮಾರೊನ ಪೆನ್ನು ನಿಂತಿತು. ಎಲ್ಲರೂ ಹೊರಗೆ ಮರದಡಿ ಚಹಾ ಕುಡಿಯುತ್ತಿದ್ದಾಗ ಒಳಗಿಂದ ಮೇಸ್ತ್ರಿಯ ದನಿ ಕೇಳಿಸಿತ್ತಂತೆ: ಲಾಜರೋ, ಲಾಜರೋ.

"ಲಾಜರೋ ಯಾರು?"

"ನಮ್ಮಲ್ಲಿ ಆ ಹೆಸರಿನವರು ಯಾರೂ ಇಲ್ಲ ಅಫಾಂದೆ. ಅದಕ್ಕೇ ಚಹಾ ಬಿಟ್ಟು ಏಳೋದು ತಡವಾಯ್ತು."

ಗೇಟಿನ ಕಾವಲುಗಾರನಿಗೆ ತಟ್ಟನೆ ನೆನಪಾಯಿತು. ಲಾರಿ ಡ್ರೈವರ್ ಲಾಜರೋ ಮ್ಬೇಸೆ! ಬೆಳಿಗ್ಗೆ ಸರಕು ತುಂಬಿಸಿಕೊಂಡಿದ್ದ, ಚಹಾ ಹೊತ್ತಿಗೇ ಹಿಮೋ ಕಡೆ ಹೊರಟುಹೋದ.

ಮಾತು ಮುಗಿಯುವ ಮೊದಲೇ ಜೀಪು ಗೇಟು ದಾಟಿತ್ತು. ಸೈರನ್ನಿಗೆ ಬೈಕುಗಳು ಚದುರಿದವು, ಬಾಳೆಗೊನೆ ಹೇರಿದ್ದ ಕೈಗಾಡಿಯೊಂದು ಚರಂಡಿಗೆ ಇಳಿಯಿತು. ಕಿಮಾರೊ ಸ್ಟೇರಿಂಗ್ ಮೇಲೆ ಬಗ್ಗಿ ಕೂತಿದ್ದ. ಅವನು ಚಗ್ಗಾ ಹುಡುಗ, ಇನ್ಸ್‌ಪೆಕ್ಟರ್ ಪಾರೆ ಹೆಂಗಸು. ಆ ಎರಡು ಜನಾಂಗಗಳ ನಡುವೆ ಅಜ್ಜನ ಕಾಲದಿಂದಲೂ ಉತಾನಿ ಎಂಬ ನಂಟಿದೆ. ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಹಂಗಿಸಬಹುದು, ಸಿಟ್ಟಾಗುವಂತಿಲ್ಲ. ಠಾಣೆಯ ದರ್ಜೆ ಕೂಡ ಅದಕ್ಕೆ ಅಡ್ಡ ಬರುವುದಿಲ್ಲ.

"ನಿಮ್ಮ ಪಾರೆ ಜನಕ್ಕೆ ಒಂದು ಕೋಳಿ ಸತ್ರೂ ಸಾಕು, ಕೋರ್ಟಿಗೆ ಹೋಗ್ತಾರೆ," ಎಂದ ಕಿಮಾರೊ.

"ನಿಮ್ಮ ಚಗ್ಗಾ ಜನ ಆ ಕೋಳಿನ ಮಾರ್ಕೊಂಡು ಬಂದು ಸಾಕ್ಷಿ ಹೇಳ್ತಾರೆ. ರಸ್ತೆ ನೋಡು."

ಹಿಮೋ ಪೇಟೆಯ ಅಂಚಿನಲ್ಲಿ ಲಾರಿ ಕಂಡಿತು. ಪೊಲೀಸರನ್ನು ಕಂಡದ್ದೇ ಡ್ರೈವರ್ ಮುಸುಕಿನ ಜೋಳದ ಹೊಲಕ್ಕೆ ಹಾರಿದ. ಕಿಮಾರೊ ಟೋಪಿ ಎಸೆದು ಬೆನ್ನಟ್ಟಿದ. ಜೋಳದ ದಂಟುಗಳು ಮುರಿಯುವ ಸದ್ದು, ಒಬ್ಬ ಮುದುಕಿಯ ಬೈಗುಳ, ಆಮೇಲೆ ದೊಪ್ಪೆಂದು ಬಿದ್ದ ಸದ್ದು. ಕಿಮಾರೊ ಅವನ ಕೊರಳಪಟ್ಟಿ ಹಿಡಿದು ಎಳೆದುಕೊಂಡು ಬಂದ. ಅನಾಯೆಲಿ ಬೇಡಿ ಕೈಗೆತ್ತಿಕೊಂಡಳು. ಸಿಕ್ಕಿಬಿಟ್ಟ, ಜುಹುರಾ ಮನೆಗೆ ಹೋಗಬಹುದು.

ಆಗಲೇ ಅವಳ ಕಣ್ಣು ಲಾರಿಯ ಹಿಂಬದಿಗೆ ಹೋಯಿತು. ಒಂದು ಚಕ್ರವೇ ಇರಲಿಲ್ಲ.

ಪಕ್ಕದಲ್ಲಿ ಚಹಾ ಮಾರುತ್ತಿದ್ದ ಹೆಂಗಸು, ಇವನು ಒಂಬತ್ತು ಗಂಟೆಗೇ ಟೈರು ಒಡೆದು ಇಲ್ಲಿ ಕೂತಿದ್ದಾನೆ, ನಾಲ್ಕು ಲೋಟ ಕುಡಿದಿದ್ದಾನೆ ಎಂದಳು. ಓಡಿದ್ದೇಕೆ ಎಂದರೆ ಕಾಫಿ ಮೂಟೆಗಳ ನಡುವೆ ಕದ್ದು ಸಾಗಿಸುತ್ತಿದ್ದ ಇದ್ದಿಲಿನ ಚೀಲಗಳಿದ್ದವು. ಕಾವಲುಗಾರ ಹೊತ್ತನ್ನು ತಪ್ಪಾಗಿ ಹೇಳಿದ್ದ. ಅಡ್ಡ ಪ್ರಶ್ನೆ ಕೇಳದೆ ಓಡಿಬಂದದ್ದು ತನ್ನದೇ ತಪ್ಪು ಎಂದು ಅನಾಯೆಲಿಗೆ ಹೊಳೆಯಿತು. ಒಂದೂಕಾಲು ಆಗಿತ್ತು.

ವಾಪಸು ಬರುವಾಗ ಅವಳ ಮನಸ್ಸು ಹಗುರ ಮಾಡಲು ಕಿಮಾರೊ ಮಿಲ್ಲಿನವರು ಹೇಳಿದ ತಮಾಷೆಗಳನ್ನು ಒಪ್ಪಿಸತೊಡಗಿದ. ಚಗ್ಗಾ ಜನದವನಾದ ಮೇಸ್ತ್ರಿ ಪಾರೆಯ ಚಹಾಕ್ಕೆ ಹೊಟ್ಟು ಸುರಿದದ್ದು, ಅವನ ಚಪ್ಪಲಿಯನ್ನು ಹಲಗೆಗೆ ಮೊಳೆ ಹೊಡೆದದ್ದು, ಊಟದ ಬೆಂಚಿನಿಂದ ಏಳಿಸಿ ನೆಲಕ್ಕೆ ಕೂರಿಸಿದ್ದು. ಎಲ್ಲ ಉತಾನಿ, ಪಾರೆಗೆ ಬೇಜಾರೇ ಇಲ್ಲವಂತೆ.

"ಅದಕ್ಕೆ ಅವನು ಏನು ಮಾಡ್ದ?"

"ಯಾರು?"

"ಪಾರೆ. ಚಪ್ಪಲಿಗೆ ಬದಲಾಗಿ ಏನು ಮಾಡ್ದ? ನೀನು ಕೋಳಿ ಅಂದ್ರೆ ನಾನು ಸಾಕ್ಷಿ ಅಂದೆ. ಅವನು ಏನಂದ?"

ಕಿಮಾರೊ ಗೇರು ಇಳಿಸಿದ. "ಯಾರೂ ಹೇಳಲಿಲ್ಲ ಅಫಾಂದೆ."

"ಅವನ ಹೆಸರೇನು?"

ಪಂಚನಾಮೆಯಲ್ಲೂ 'ಪಾರೆ' ಎಂದಷ್ಟೇ ಬರೆದಿತ್ತು. ಕಿಮಾರೊ ಮತ್ತೆ ಸೈರನ್ ಹಾಕಿದ.

ಮಿಲ್ಲಿನಲ್ಲಿ ಅವಳು ಪ್ರತಿಯೊಬ್ಬರಿಗೂ ಅವೇ ಎರಡು ಪ್ರಶ್ನೆ ಕೇಳಿದಳು. ಪಾರೆ ಎಂದಾದರೂ ತಿರುಗಿ ಹಂಗಿಸಿದ್ದನೇ? ಹಮಾಲಿಗಳು ನಗುತ್ತಲೇ ಉತ್ತರ ಶುರು ಮಾಡಿ ನಡುವೆ ನಿಂತರು. ಅವನ ಹೆಸರೇನು? ಒಬ್ಬನಿಗೂ ಗೊತ್ತಿರಲಿಲ್ಲ. ಸ್ವಾಯಿ ಹಣೆ ಉಜ್ಜಿಕೊಂಡು, ಏನೋ ಇದೆ, ಸಂಬಳದ ಗುಮಾಸ್ತನಿಗೆ ಗೊತ್ತು ಎಂದರು. ಅನಾಯೆಲಿ ಗುಮಾಸ್ತನಿಗಾಗಿ ಕಾಯಲಿಲ್ಲ.

ಅವನು ಇನ್ನೂ ಗುಡಿಸುತ್ತಿದ್ದ. ಅವಳು ಹತ್ತಿರ ಹೋಗಿ ಪಾರೆ ಭಾಷೆಯಲ್ಲಿ, ಅಣ್ಣಾ, ಮನೆ ಮಂದಿ ಕ್ಷೇಮವೇ ಎಂದು ಕೇಳಿದಳು. ಅವನು ಮಿಕಿಮಿಕಿ ನೋಡಿದ. ಒಂದು ಪದವೂ ಅವನಿಗೆ ತಿಳಿಯಲಿಲ್ಲ.

"ನಿಮ್ಮ ಹೆಸರೇನಣ್ಣ?"

ಅವನು ಪೊರಕೆಯನ್ನು ಗೋಡೆಗೆ ಒರಗಿಸಿದ.

"ಲಾಜರೋ ಚಿಲುಂಬಾ."

ಹಿಂದೆ ನಿಂತಿದ್ದ ಹಮಾಲಿಗಳಲ್ಲಿ ಗುಸುಗುಸು ಎದ್ದು ಅಡಗಿತು. ಕಿಮಾರೊ ಬಾಗಿಲಿಗೆ ಅಡ್ಡ ನಿಂತ. ಅದರ ಅಗತ್ಯವಿರಲಿಲ್ಲ. ಲಾಜರೋ ಅಲ್ಲೇ ಕೂತುಬಿಟ್ಟ.

ಅವನು ದಕ್ಷಿಣದ ಮಕೊಂಡೆ ಜನದವನು. ಪಾರೆ ಬೆಟ್ಟದ ಕಡೆಯ ಸಾಮೆ ಊರಿನ ಕತ್ತಾಳೆ ತೋಟಕ್ಕೆ ಕೂಲಿಗೆ ಬಂದ ತಾಯಿಗೆ ಅಲ್ಲೇ ಹುಟ್ಟಿದವನು. ಮಿಲ್ಲಿಗೆ ಸೇರಿದ ದಿನ ಹೆಸರು ಹೇಳಿದ್ದ, ನಾನು ಪಾರೆಯಲ್ಲ ಎಂದೂ ಹೇಳಿದ್ದ. ಸಾಮೆಯಿಂದ ಬಂದವರೆಲ್ಲ ಪಾರೆಯೇ ಎಂದು ತರಿಮೊ ನಕ್ಕಿದ್ದ. ಏಳು ವರ್ಷ ಅದೇ ಹೆಸರು. ಹೋದ ಈಸ್ಟರ್ ಹೊತ್ತಿಗೆ ತಾಯಿ ತೀರಿಕೊಂಡಳು. ಸಾವಿನ ಮನೆಯಲ್ಲಿ ಸತ್ತವರನ್ನು ಅಣಕಿಸಿ ಅಳುವವರನ್ನು ನಗಿಸುವುದು ಉತಾನಿಯ ನೆಂಟರ ಹಕ್ಕು, ಅವರು ಬಾರದಿದ್ದರೆ ಮನೆಯವರೇ ನೊಂದುಕೊಳ್ಳುತ್ತಾರೆ. ಆ ಹಕ್ಕು ತನ್ನದೆಂಬಂತೆ ತರಿಮೊ ಮುದುಕಿಯ ಬಟ್ಟೆ ಸುತ್ತಿಕೊಂಡು, ಅವಳ ಹಾಗೆ ಕುಂಟುತ್ತಾ ಶವದ ಸುತ್ತ ಓಡಾಡಿದ. ಮಿಲ್ಲಿನವರು ಬಿದ್ದು ಬಿದ್ದು ನಕ್ಕರು. ಚಗ್ಗಾ ಜನರ ಜೊತೆ ಅಂಥ ನಂಟೇ ಇಲ್ಲದ, ಊರಿನಿಂದ ಬಂದಿದ್ದ ಮಕೊಂಡೆ ಹೆಂಗಸರು ಮಾತ್ರ ಏನಾಗುತ್ತಿದೆ ಎಂದು ತಿಳಿಯದೆ ಲಾಜರೋನ ಮುಖವನ್ನೇ ನೋಡುತ್ತಿದ್ದರು.

"ಇವತ್ತು ಏಣಿ ಹತ್ತೋವಾಗ ಮತ್ತೆ ಹಾಗೇ ಕುಂಟಿದ," ಎಂದ ಲಾಜರೋ. "'ಪಾರೆ, ನಿಮ್ಮವ್ವ ಕಣಜಕ್ಕೆ ಇಳೀತಾಳೆ ನೋಡೋ' ಅಂದ. ಎಲ್ರೂ ಚಹಾಕ್ಕೆ ಹೋದ್ರು. ತೂಬು ಎಳೆದೆ. ಏನು ಮಾಡ್ತಿದೀನಿ ಅಂತ ಗೊತ್ತಿತ್ತು ಅಫಾಂದೆ, ಸುಳ್ಳು ಹೇಳಲ್ಲ."

"ಮುಚ್ಚಿದ್ದು ಯಾಕೆ?"

"ಲಾಜರೋ ಅಂತ ಕೂಗ್ದ. ನಾನು ಹೇಳಿದ್ದು ಮೊದಲ ದಿನ ಒಂದೇ ಸಲ. ಮರೆತಿದಾನೆ ಅನ್ಕೊಂಡಿದ್ದೆ. ಹೆಸರು ಹಿಡಿದು ಕರೆದ ಮೇಲೆ ಕೈಯಲ್ಲಿ ಆಗಲಿಲ್ಲ."

"ಜುಹುರಾ ಒಳಗಿದಾಳೆ. ಅವಳಿಗೆ ಕೂಸಿದೆ."

"ಗೊತ್ತು. ಬಂದು ಹೇಳೋಣ ಅನ್ಕೊಳ್ತಾನೇ ಗುಡಿಸ್ತಿದ್ದೆ. ಧೈರ್ಯ ಬರಲಿಲ್ಲ."

ಎರಡು ನಲವತ್ತಕ್ಕೆ ಲಾಜರೋ ಚಿಲುಂಬಾನನ್ನು ಬಂಧಿಸಲಾಯಿತು. ಗಾಯದ ಅಂಗೈಗೆ ಪಟ್ಟಿ ಕಟ್ಟಿಸಿದ ಮೇಲೆಯೇ ಅನಾಯೆಲಿ ಬೇಡಿ ಹಾಕಿಸಿದಳು. ಮೂರಕ್ಕೆ ಮುಂಚೆ ಜುಹುರಾ ಠಾಣೆಯ ಮೆಟ್ಟಿಲಿಳಿದು, ಯಾರಿಗೂ ಏನೂ ಹೇಳದೆ, ಮನೆಯ ದಿಕ್ಕಿಗೆ ಓಡಿದಳು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ತರಿಮೊನ ಹೇಳಿಕೆ ಪಡೆಯಲಾಯಿತು. ಎಲ್ಲವೂ ಉತಾನಿ, ಬರೀ ತಮಾಷೆ, ಪಾರೆ ಇದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಾನೆಂದು ಕನಸಿನಲ್ಲೂ ಎಣಿಸಿರಲಿಲ್ಲ ಎಂದ. ಅನಾಯೆಲಿ ಅಡ್ಡಿಪಡಿಸಲಿಲ್ಲ. ಈ ಹೇಳಿಕೆ ಮ್ಯಾಜಿಸ್ಟ್ರೇಟರಿಗೂ ಹೋಗಬೇಕು, ಅದರ ಪ್ರತಿ ಕಾರ್ಮಿಕ ಅಧಿಕಾರಿಗೂ ಹೋಗಬೇಕು. ಒಂದು ಮಾತೂ ಬಿಡದಂತೆ ಬರೆದುಕೋ ಎಂದು ಅವಳು ಕಿಮಾರೊಗೆ ಮೊದಲೇ ಹೇಳಿದ್ದಳು.

"ಅವನು ಪಾರೆ ಅಲ್ಲ ಅಂತ ಗೊತ್ತಿತ್ತಾ?"

ತರಿಮೊ ಕಿಟಕಿಯ ಕಡೆ ತಿರುಗಿದ. "ಗೊತ್ತಿತ್ತು."

"ಹೆಸರು?"

ಅವನು ತುಟಿಯೊಳಗೇ ಗೊಣಗಿದ. ಕಿಮಾರೊ ಪೆನ್ನು ಎತ್ತಿ ಹಿಡಿದು ಕಾದ.

"ಕೇಳಿಸಲಿಲ್ಲ," ಎಂದಳು ಅನಾಯೆಲಿ. "ಕಣಜದೊಳಗಿಂದ ಕೂಗಿದ ಹಾಗೆ ಹೇಳಿ."